ಬೀಡಿನ ಬಾಣಲೆಯಲ್ಲಿ ಗೋವಿನಜೋಳದ ರೊಟ್ಟಿ

(ಕಲಿಕಾ ಕೇಂದ್ರದಲ್ಲಿ ಸೇರಿದ್ದ ಅಕ್ಕ-ತಂಗಿಯರ ಮುಂದೆ ಆಡಿದ ಮಾತು)



ರೊಟ್ಟಿ ಬಡಿಯೋದನ್ನ ನಮಗೇ ಹೇಳಿಕೊಡಾಕ ಬಂದಾರಲ್ಲ ಅಂತ ನಗಬೇಡ್ರಿ. ನಿಮ್ಮ ರೊಟ್ಟಿಯ ಮಾತು ಇವತ್ತು ಇಲ್ಲ. ಇವತ್ತು ಹೇಳುವುದು ಬಹಳ ದೂರದ ಒಂದು ನಾಡಿನ ರೊಟ್ಟಿಯ ಮಾತು. ಅಮೆರಿಕ ಅನ್ನುವ ದೇಶದ ಹೆಸರು ನೀವು ಕೇಳಿದ್ದೀರಿ. ಆ ದೇಶದ ದಕ್ಷಿಣ ಭಾಗದಲ್ಲಿ ಜಾರ್ಜಿಯಾ, ಅಲಬಾಮ, ಮಿಸಿಸಿಪ್ಪಿ, ಟೆನೆಸ್ಸಿ, ದಕ್ಷಿಣ ಕೆರೊಲಿನಾ ಅಂತ ರಾಜ್ಯಗಳಿವೆ. ಅಲ್ಲಿನ ಮನೆಗಳಲ್ಲಿ ದಿನಾ ಮಾಡುತ್ತ ಬಂದ ರೊಟ್ಟಿ ಗೋವಿನಜೋಳದ್ದು. ಕೆಲವರು ಇದನ್ನು ಮೆಕ್ಕೆಜೋಳ ಅಂತಾರೆ, ಮೈಸೂರು ಕಡೆ ಮುಸುಕಿನ ಜೋಳ ಅಂತಾರೆ. ಹೆಸರು ಮೂರು, ಕಾಳು ಒಂದೇ.

ಈ ಕಾಳು ನಮಗೆ ಹೊಸದಲ್ಲ. ದಾವಣಗೆರೆ, ಹಾವೇರಿ ಕಡೆ ಹೊಲಗಳ ತುಂಬ ಅದೇ ಇದೆ. ಆದರೆ ಅದರ ತವರು ನಮ್ಮ ನೆಲ ಅಲ್ಲ, ಅಮೆರಿಕ ಖಂಡ. ಸುಮಾರು 9,000 ವರ್ಷಗಳ ಹಿಂದೆ ಮೆಕ್ಸಿಕೊ ಅನ್ನುವ ನಾಡಿನ ಜನ ಒಂದು ಕಾಡುಹುಲ್ಲನ್ನು ಆರಿಸಿ ಆರಿಸಿ ಬಿತ್ತಿ ಈ ತೆನೆ ಮಾಡಿಕೊಂಡರು. ನಮ್ಮ ದೇಶಕ್ಕೆ ಅದು ಬಂದದ್ದು ತೀರ ಈಚೆಗೆ, ಹಡಗಿನ ಮೇಲೆ. ಇಲ್ಲಿ ಬೆಳೆದದ್ದರಲ್ಲಿ ಬಹಳಷ್ಟು ಕೋಳಿಯ ಮೇವಿಗೆ ಹೋಗುತ್ತದೆ. ಅಲ್ಲಿ ಅದೇ ಊಟ.

ಆ ನಾಡಿನ ಮೂಲ ಜನ ಚೆರೋಕಿ, ಚಾಕ್ಟಾ, ಕ್ರೀಕ್ ಮೊದಲಾದವರು. ಗೋವಿನಜೋಳವನ್ನು ಅಲ್ಲಿ ಬೆಳೆದು ಉಂಡವರು ಅವರೇ ಮೊದಲಿಗರು. ಆಮೇಲೆ ಯುರೋಪಿನಿಂದ ಬಿಳಿಯರು ಬಂದು ನೆಲ ಹಿಡಿದರು. ಹತ್ತಿ, ತಂಬಾಕು ಬೆಳೆಯಲು ಆಫ್ರಿಕದಿಂದ ಜನರನ್ನು ಹಡಗಿನಲ್ಲಿ ತುಂಬಿಕೊಂಡು ಬಂದರು, ಮಾರಿದರು, ಕೊಂಡರು. ಆ ಗುಲಾಮಗಿರಿ ಕಾನೂನಿನಂತೆ ಕೊನೆಯಾದದ್ದು 1865ರಲ್ಲಿ. ಅಲ್ಲಿಯವರೆಗೆ ದೊಡ್ಡ ತೋಟಗಳಲ್ಲಿ ಒಬ್ಬ ಆಳಿಗೆ ವಾರಕ್ಕೆ ಕೊಡುತ್ತಿದ್ದ ಪಡಿ ಸಾಮಾನ್ಯವಾಗಿ ಒಂದು ಪೆಕ್ ಗೋವಿನಜೋಳದ ಹಿಟ್ಟು, ಜೊತೆಗೆ ಒಂದಿಷ್ಟು ಹಂದಿಮಾಂಸ. ಪೆಕ್ ಅಂದರೆ ಸುಮಾರು 9 ಲೀಟರು ಹಿಡಿಯುವ ಅಳತೆ. ವಾರವೆಲ್ಲ ಹೊಲದಲ್ಲಿ ದುಡಿದು ಬಂದ ಹೆಂಗಸು ಆ ಹಿಟ್ಟಿಗೆ ಬಿಸಿನೀರು, ಉಪ್ಪು ಹಾಕಿ ರೊಟ್ಟಿ ಮಾಡುತ್ತಿದ್ದಳು. ಅಂಥ ಒಂದು ರೊಟ್ಟಿಗೆ 'ಹೋ ಕೇಕ್' ಅಂತ ಹೆಸರು. 'ಹೋ' ಅಂದರೆ ಗುದ್ದಲಿ. ಹೊಲದಲ್ಲೇ ಬೆಂಕಿ ಹಾಕಿ ಗುದ್ದಲಿಯ ಅಲಗಿನ ಮೇಲೆ ರೊಟ್ಟಿ ಸುಡುತ್ತಿದ್ದರು, ಅದಕ್ಕೇ ಆ ಹೆಸರು ಅಂತ ಬಹಳ ಜನ ಹೇಳ್ತಾರೆ. ಹಳೆ ಕಾಲದಲ್ಲಿ ಇಂಗ್ಲೆಂಡಿನ ಕೆಲವು ಕಡೆ ಹಂಚಿಗೇ 'ಹೋ' ಅನ್ನುತ್ತಿದ್ದರು, ಹೆಸರು ಅಲ್ಲಿಂದ ಬಂತು ಅನ್ನುವವರೂ ಇದ್ದಾರೆ. ಎರಡನೆಯ ಮಾತೇ ಹೆಚ್ಚು ನಂಬುವಂತೆ ನಮಗೆ ಕಾಣುತ್ತದೆ. ದಿನಾ ಅಡಿಗೆ ಮಾಡುವವಳು ಹಂಚು ಇದ್ದರೆ ಗುದ್ದಲಿ ಯಾಕೆ ಹಿಡಿಯುತ್ತಾಳೆ?

ಈಗ ಒಬ್ಬ ತಾಯಿಯ ಕಥೆ ಕೇಳ್ರಿ. ಅವರ ಹೆಸರು ಆಬಿ ಫಿಶರ್. 1830ರ ದಶಕದ ಮೊದಲಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಹುಟ್ಟಿದವರು. ಕಪ್ಪು ಜನಾಂಗದವರು, ಗುಲಾಮಗಿರಿಯ ಕಾಲದಲ್ಲಿ ಬೆಳೆದವರು. ಆಮೇಲೆ ಅಲಬಾಮದ ಮೊಬೀಲ್ ಅನ್ನುವ ಊರಲ್ಲಿ ಬಾಳಿದರು. ಆ ಅಲಬಾಮ ರಾಜ್ಯದಲ್ಲಿ 1832ರಲ್ಲಿ ಒಂದು ಕಾನೂನು ಬಂದಿತ್ತು. ಗುಲಾಮರಿಗೆ ಓದು ಬರಹ ಕಲಿಸಿದವರಿಗೆ 250 ಡಾಲರಿನಿಂದ 500 ಡಾಲರಿನವರೆಗೆ ದಂಡ. ಅಕ್ಷರ ಕಲಿಸುವುದೇ ಅಪರಾಧ ಆಗಿತ್ತು ನೋಡ್ರಿ.

ಆಬಿ ಫಿಶರ್ ಹನ್ನೊಂದು ಮಕ್ಕಳನ್ನು ಹೆತ್ತರು. ಗುಲಾಮಗಿರಿ ಮುಗಿದ ಮೇಲೆ ಸಂಸಾರ ಕಟ್ಟಿಕೊಂಡು ದೇಶದ ಪಶ್ಚಿಮದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಹೋದರು. ಅಲ್ಲಿ ಅಡಿಗೆ ಮಾಡಿಕೊಟ್ಟು, ಉಪ್ಪಿನಕಾಯಿ ಮಾರಿ ಬದುಕಿದರು. ಅವರ ಕೈರುಚಿಗೆ ಮೇಳಗಳಲ್ಲಿ ಬಹುಮಾನ ಬಂತು. ಊರಿನ ಹೆಂಗಸರು, "ನಿಮ್ಮ ಅಡಿಗೆ ಎಲ್ಲ ಪುಸ್ತಕ ಆಗಲಿ" ಅಂತ ಒತ್ತಾಯ ಮಾಡಿದರು. ಆದರೆ ಗಂಡನಿಗೂ ಓದು ಬರಹ ಇಲ್ಲ, ಹೆಂಡತಿಗೂ ಇಲ್ಲ. ಅವರು ಬಾಯಲ್ಲಿ ಹೇಳಿದರು, ಬೇರೆಯವರು ಬರೆದುಕೊಂಡರು. 1881ರಲ್ಲಿ ಪುಸ್ತಕ ಬಂತು. ಅಚ್ಚು ಹಾಕಿದ್ದು ಹೆಂಗಸರೇ ಸೇರಿ ನಡೆಸುತ್ತಿದ್ದ ಒಂದು ಸಹಕಾರಿ ಮುದ್ರಣಾಲಯ. ಅದರಲ್ಲಿ ನಾವು ಹೇಳಿದ ಹೋ ಕೇಕ್ ಕೂಡ ಇದೆ. ಹಿಟ್ಟು, ಒಂದಿಷ್ಟು ಹಂದಿಕೊಬ್ಬು, ಕುದಿಯುವ ನೀರು, ಕಾದ ಹಂಚು. ಬಹಳ ಚಿಕ್ಕ ಬರಹ.

ಆ ಪುಸ್ತಕದಲ್ಲಿ ಒಂದು ತಮಾಷೆ ಇದೆ, ತಮಾಷೆ ಅಂದರೂ ಮನಸ್ಸಿಗೆ ಸ್ವಲ್ಪ ನೋವಾಗುತ್ತದೆ. ಗೋವಿನಜೋಳದ ಎಳೆ ಕಾಳು, ಅವರೆಯಂಥ ಕಾಳು ಸೇರಿಸಿ ಮಾಡುವ ಒಂದು ಪಲ್ಯ ಆ ನಾಡಿನಲ್ಲಿ ಇದೆ. ಅದರ ಹೆಸರು 'ಸಕಟ್ಯಾಶ್'. ಮೂಲ ಜನರ ಭಾಷೆಯ ಶಬ್ದ. ಆಬಿ ಫಿಶರ್ ಹೇಳಿದ್ದು ಅದನ್ನೇ. ಬರೆದುಕೊಂಡವರ ಕಿವಿಗೆ ಬೇರೆ ಏನೋ ಕೇಳಿಸಿತು, 'ಸರ್ಕಿಟ್ ಹ್ಯಾಶ್' ಅಂತ ಬರೆದರು. ಅಚ್ಚಾದದ್ದೂ ಹಾಗೇ. ತಮ್ಮದೇ ಹೆಸರಿನ ಪುಸ್ತಕ ಕೈಗೆ ಬಂದಾಗ ಆ ತಾಯಿ ಅದನ್ನು ಬಿಚ್ಚಿ ನೋಡಿರಬೇಕು. ಇಲ್ಲಿ ತಪ್ಪಾಗಿದೆ ಅಂತ ಬೆರಳಿಟ್ಟು ತೋರಿಸಲು ಅವರಿಗೆ ಅಕ್ಷರ ಇರಲಿಲ್ಲ. ನಿಮ್ಮ ಹೆಸರಿನಲ್ಲಿ ಯಾರೋ ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ನೆನಪು ನಿಮ್ಮಲ್ಲಿ ಎಷ್ಟು ಜನಕ್ಕೆ ಇಲ್ಲ? ಪಡಿತರ ಚೀಟಿಯಲ್ಲಿ ಹೆಸರು ತಪ್ಪಿ, ಅದನ್ನು ತಿದ್ದಿಸಲು ಎಷ್ಟು ಸಲ ಅಲೆದಿದ್ದೀರಿ?

ಇರಲಿ. ಬಾಣಲೆಯ ಮಾತಿಗೆ ಬರೋಣ.

ಅವರ ಬಾಣಲೆ ನಮ್ಮ ಒಗ್ಗರಣೆ ಬಾಣಲೆಯಂತೆ ಗುಂಡಗೆ ಇರುವುದಿಲ್ಲ. ತಳ ಚಪ್ಪಟೆ, ಅಂಚು ಎರಡು ಬೆರಳು ಎತ್ತರ, ಒಂದು ಕಡೆ ಹಿಡಿಕೆ. ಬೀಡಿನದು, ಅಂದರೆ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ದು ಮಾಡಿದ್ದು. ನಮ್ಮ ಬೀಡಿನ ದೋಸೆ ಕಾವಲಿಗೆ ಅಂಚು ಎತ್ತಿದ ಹಾಗೆ. ಟೆನೆಸ್ಸಿ ರಾಜ್ಯದ ಒಂದು ಸಣ್ಣ ಊರಲ್ಲಿ 1896ರಿಂದಲೂ ಇಂಥ ಬಾಣಲೆ ಎರಕ ಹೊಯ್ಯುತ್ತಿದ್ದಾರೆ. ಅಜ್ಜಿಯ ಬಾಣಲೆ ಮೊಮ್ಮಗಳಿಗೆ ಬರುವುದು ಅಲ್ಲಿ ಸಾಮಾನ್ಯ.

ಹೊಸ ಬಾಣಲೆ ಪಳಗಿಸಬೇಕು. ಇದು ನಿಮಗೆ ಗೊತ್ತಿರುವ ಕೆಲಸವೇ. ಚೆನ್ನಾಗಿ ತೊಳೆದು, ಒರೆಸಿ, ಒಲೆಯ ಮೇಲೆ ಇಟ್ಟು ತೇವ ಆರಿಸಿ. ಬಟ್ಟೆಯಿಂದ ಎಣ್ಣೆ ತೆಳ್ಳಗೆ ಹಚ್ಚಿ, ಹಚ್ಚಿದ್ದೇ ಕಾಣದಷ್ಟು ತೆಳ್ಳಗೆ. ಹೊಗೆ ಏಳುವವರೆಗೆ ಕಾಯಿಸಿ, ಆರಲು ಬಿಡಿ. ಹೀಗೆ ನಾಲ್ಕಾರು ಸಲ. ಕಾವಿಗೆ ಎಣ್ಣೆ ಗಟ್ಟಿಯಾಗಿ ಕಬ್ಬಿಣದ ಮೇಲೆ ಒಂದು ಕಪ್ಪು ಪದರ ಕೂರುತ್ತದೆ. ಆ ಪದರವೇ ಅಂಟದಂತೆ ಕಾಯುತ್ತದೆ. ಎಣ್ಣೆ ಜಾಸ್ತಿ ಸುರಿದರೆ ಪದರ ಜಿಗುಟಾಗುತ್ತದೆ, ಅದೊಂದು ಜೋಕೆ. ಹುಣಸೆಹುಳಿ ಹಾಕಿದ ಸಾರು, ಗೊಜ್ಜು ಅದರಲ್ಲಿ ಕುದಿಸಬೇಡಿ. ಕಪ್ಪು ಪದರ ಕಿತ್ತು ಬರುತ್ತದೆ. ತೊಳೆದ ಮೇಲೆ ಒದ್ದೆ ಬಿಟ್ಟರೆ ಮರುದಿನಕ್ಕೆ ತುಕ್ಕು. ಒಲೆಯ ಮೇಲೆ ಒಂದು ಗಳಿಗೆ ಇಟ್ಟು ಒಣಗಿಸಿಬಿಡಿ.

ಮೊದಲು ಸುಲಭದ್ದು, ಹೋ ಕೇಕ್ ಮಾಡೋಣ. ಒಂದು ಲೋಟ ಗೋವಿನಜೋಳದ ಹಿಟ್ಟು, ಚಿಟಿಕೆ ಉಪ್ಪು, ಒಂದು ಚಮಚ ಎಣ್ಣೆ. ಇದಕ್ಕೆ ಕುದಿಯುವ ನೀರು ಮುಕ್ಕಾಲು ಲೋಟ ಹೊಯ್ದು ಸೌಟಿನಿಂದ ಕೂಡಿಸಿ. ಗಟ್ಟಿ ಅನ್ನಿಸಿದರೆ ಇನ್ನಷ್ಟು ನೀರು. ಹತ್ತು ನಿಮಿಷ ಮುಚ್ಚಿಡಿ. ಬಿಸಿನೀರೇ ಯಾಕೆ? ನೀವು ಜೋಳದ ಹಿಟ್ಟಿಗೆ ಎಸರು ಯಾಕೆ ಹೊಯ್ಯುತ್ತೀರೋ ಅದಕ್ಕೇ. ಗೋಧಿ ಹಿಟ್ಟಿನಲ್ಲಿ ಎಳೆದರೆ ಹಿಗ್ಗುವ ಅಂಟು ಇರುತ್ತದೆ. ಜೋಳದಲ್ಲಿ, ಗೋವಿನಜೋಳದಲ್ಲಿ ಆ ಅಂಟು ಇಲ್ಲ. ಕುದಿನೀರು ಬಿದ್ದಾಗ ಹಿಟ್ಟು ಅರೆಬೆಂದು ಗಂಜಿಯಂತೆ ಅಂಟಿಕೊಳ್ಳುತ್ತದೆ. ರೊಟ್ಟಿ ಒಡೆಯುವುದಿಲ್ಲ. ಸಾವಿರಾರು ಮೈಲು ದೂರದ ಇಬ್ಬರು ಹೆಂಗಸರು, ಒಬ್ಬರನ್ನೊಬ್ಬರು ಕಾಣದೆ, ಒಂದೇ ಉಪಾಯ ಕಂಡುಕೊಂಡಿದ್ದಾರೆ. ಇಲ್ಲಿಂದ ಮುಂದೆ ದಾರಿ ಬೇರೆ. ನೀವು ತೆಳ್ಳಗೆ ಬಡಿದು, ಮೇಲೆ ನೀರು ಸವರಿ, ಎಣ್ಣೆ ಇಲ್ಲದೆ ಸುಡುತ್ತೀರಿ. ಅವರು ಅಂಗೈ ಅಗಲ, ಅರ್ಧ ಬೆರಳು ದಪ್ಪ ತಟ್ಟಿ, ಎಣ್ಣೆ ಹಾಕಿದ ಬಾಣಲೆಯಲ್ಲಿ ಒಂದೊಂದು ಮಗ್ಗುಲು ನಾಲ್ಕೈದು ನಿಮಿಷ ಬೇಯಿಸುತ್ತಾರೆ. ಅಂಚು ಗರಿಗರಿ ಆಗುತ್ತದೆ, ಒಳಗೆ ಮೆತ್ತಗೆ ಇರುತ್ತದೆ.

ಇನ್ನೊಂದು ಬಾಣಲೆ ತುಂಬ ಉಬ್ಬುವ ರೊಟ್ಟಿ, ಕಾರ್ನ್‌ಬ್ರೆಡ್. ಇದಕ್ಕೆ ಹಿಟ್ಟು ಸಣ್ಣ ರವೆಯಂತೆ ತರಿ ಇರಬೇಕು. ಗಿರಣಿಯವರಿಗೆ ಹೇಳಿ ಬೀಸಿಸಿಕೊಳ್ಳಿ. ಎರಡು ಲೋಟ ತರಿ ಹಿಟ್ಟಿಗೆ ಒಂದು ಚಮಚ ಉಪ್ಪು, ಮುಕ್ಕಾಲು ಚಮಚ ಅಡಿಗೆ ಸೋಡಾ. ಇದನ್ನು ಒಣಗಿರುವಾಗಲೇ ಚೆನ್ನಾಗಿ ಬೆರೆಸಿ. ಇನ್ನೊಂದು ಪಾತ್ರೆಯಲ್ಲಿ ಒಂದೂವರೆ ಲೋಟ ಹುಳಿ ಮಜ್ಜಿಗೆ, ಒಂದು ಮೊಟ್ಟೆ ಕಡೆದಿಟ್ಟುಕೊಳ್ಳಿ. ಮೊಟ್ಟೆ ತಿನ್ನದವರು ಬಿಡಬಹುದು, ರೊಟ್ಟಿ ಸ್ವಲ್ಪ ಪುಡಿಪುಡಿ ಆಗುತ್ತದೆ ಅಷ್ಟೇ. ಈಗಲೇ ಎರಡನ್ನೂ ಕೂಡಿಸಬೇಡಿ. ಮೊದಲು ಬಾಣಲೆಗೆ ಮೂರು ದೊಡ್ಡ ಚಮಚ ಎಣ್ಣೆ ಇಲ್ಲವೇ ತುಪ್ಪ ಹಾಕಿ ಕಾಯಲು ಇಡಿ. ಅಲ್ಲಿಯವರು ಹಂದಿಕೊಬ್ಬು ಬಳಸುತ್ತ ಬಂದವರು, ಅದನ್ನು ಒಂದು ಡಬ್ಬಿಯಲ್ಲಿ ತುಂಬಿ ಒಲೆಯ ಹತ್ತಿರವೇ ಇಟ್ಟಿರುತ್ತಿದ್ದರು. ಎಣ್ಣೆ ಕಾಯುತ್ತಿರುವಾಗ ಹಿಟ್ಟಿಗೆ ಮಜ್ಜಿಗೆ ಹೊಯ್ದು ಬೇಗ ಕಲಸಿ. ಮಜ್ಜಿಗೆಯ ಹುಳಿಗೂ ಸೋಡಾಕ್ಕೂ ಕೂಡಿದೊಡನೆ ಗಾಳಿಗುಳ್ಳೆ ಏಳುತ್ತವೆ. ತಡ ಮಾಡಿದರೆ ಗುಳ್ಳೆ ಹೋಗಿ ರೊಟ್ಟಿ ಕಲ್ಲಾಗುತ್ತದೆ. ಹಿಟ್ಟು ಬಾಣಲೆಗೆ ಬಿದ್ದಾಗ ಚುಂಯ್ ಅನ್ನಬೇಕು. ಸದ್ದು ಬರದಿದ್ದರೆ ಬಾಣಲೆ ಕಾದಿಲ್ಲ ಅಂತ ತಿಳಿಯಿರಿ. ಆ ಮೊದಲ ಕಾವಿಗೇ ತಳದಲ್ಲಿ ಕೆಂಪು ಹಕ್ಕಳೆ ಕಟ್ಟುತ್ತದೆ. ರೊಟ್ಟಿಯ ರುಚಿ ಇರುವುದೇ ಆ ಹಕ್ಕಳೆಯಲ್ಲಿ.

ಅಲ್ಲಿ ಈಗ ಇದನ್ನು ಓವನ್ ಅನ್ನುವ ಮುಚ್ಚಿದ ಒಲೆಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಬೇಯಿಸುತ್ತಾರೆ. ಓವನ್ ಇಲ್ಲದ ಕಾಲದಲ್ಲಿ ಮುಚ್ಚಳದ ಬೀಡಿನ ಪಾತ್ರೆಯನ್ನು ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡುತ್ತಿದ್ದರು. ನಾವು ಮನೆಯಲ್ಲಿ ಭಾರವಾದ ಮುಚ್ಚಳ ಮುಚ್ಚಿ, ಉರಿ ಸಣ್ಣ ಮಾಡಿ ಹದಿನೈದು ನಿಮಿಷ ಬಿಡಬೇಕು. ಮೇಲ್ಭಾಗ ಗಟ್ಟಿಯಾದ ಮೇಲೆ ಒಂದು ತಟ್ಟೆಯ ಮೇಲೆ ಬೋರಲು ಹಾಕಿ, ಮತ್ತೆ ಬಾಣಲೆಗೆ ಜಾರಿಸಿ, ಇನ್ನೊಂದು ಮಗ್ಗುಲು ಐದಾರು ನಿಮಿಷ. ಬಾಣಲೆಯ ಹಿಡಿಕೆಯೂ ಕಬ್ಬಿಣದ್ದೇ, ಕೈ ಸುಟ್ಟೀತು. ದಪ್ಪ ಮಸಿಬಟ್ಟೆ ಇರಲಿ. ಕಡ್ಡಿ ಚುಚ್ಚಿ ನೋಡಿ, ಹಿಟ್ಟು ಅಂಟದೆ ಬಂದರೆ ಬೆಂದಿದೆ.

ಸಕ್ಕರೆ ಹಾಕಬೇಕೋ ಬೇಡವೋ ಅಂತ ಒಬ್ಬ ಅಕ್ಕ ಕೇಳಿದರು. ಈ ಪ್ರಶ್ನೆಗೆ ಆ ನಾಡಿನಲ್ಲಿ ಜಗಳವೇ ಆಗುತ್ತದೆ. ಸಕ್ಕರೆ ಹಾಕಿದರೆ ಅದು ರೊಟ್ಟಿಯೇ ಅಲ್ಲ ಅನ್ನುವ ಮನೆಗಳು ಬಹಳ. ನಮಗೂ ಸಕ್ಕರೆ ಇಲ್ಲದ್ದೇ ಸರಿ ಕಂಡಿತು.

ಗೋವಿನಜೋಳ ಆರಿಸುವಾಗ ಎರಡು ಮಾತು ಗಟ್ಟಿಯಾಗಿ ನೆನಪಿಡಿ. ಬೂಸ್ಟು ಹಿಡಿದ ಕಾಳು ತಿನ್ನಬಾರದು. ಬೂಸ್ಟಿನಲ್ಲಿ ವಿಷ ಇರುತ್ತದೆ, ತೊಳೆದರೂ ಸುಟ್ಟರೂ ಪೂರ್ತಿ ಹೋಗುವುದಿಲ್ಲ. ಬಿತ್ತನೆಗೆ ತಂದು ಉಳಿದ ಬಣ್ಣದ ಕಾಳನ್ನಂತೂ ಗಿರಣಿಗೆ ಒಯ್ಯಲೇಬೇಡಿ. ಅದಕ್ಕೆ ಔಷಧಿ ಹಚ್ಚಿರುತ್ತಾರೆ. ಚೀಲದ ಮೇಲೆ ಬರೆದಿರುತ್ತದೆ. ಈಗ ನೀವೇ ಓದಬಲ್ಲಿರಿ.

ಇನ್ನು ಬಹಳ ಮುಖ್ಯವಾದ ಮಾತು. ಇದನ್ನು ಹೇಳುವುದಕ್ಕೇ ನಾವು ಇಷ್ಟು ದೂರದ ರೊಟ್ಟಿಯ ಕಥೆ ಎತ್ತಿಕೊಂಡದ್ದು.

1906ರ ಹೊತ್ತಿಗೆ ಅಮೆರಿಕದ ಆ ದಕ್ಷಿಣ ಭಾಗದಲ್ಲಿ ಒಂದು ರೋಗ ಕಾಣಿಸಿತು. ಬಿಸಿಲಿಗೆ ಬಿದ್ದ ಕೈ, ಕಾಲು, ಕುತ್ತಿಗೆ ಕೆಂಪಾಗಿ, ಆಮೇಲೆ ಕಪ್ಪಾಗಿ ಸುಲಿಯುವುದು. ಭೇದಿ ನಿಲ್ಲದು. ನಾಲಿಗೆ ಹುಣ್ಣು. ಕೊನೆಗೆ ಬುದ್ಧಿಭ್ರಮಣೆ, ಸಾವು. ರೋಗದ ಹೆಸರು ಪೆಲಾಗ್ರ. 1940ರವರೆಗೆ ಸುಮಾರು 30 ಲಕ್ಷ ಜನಕ್ಕೆ ಇದು ಬಂತು, ಸುಮಾರು 1 ಲಕ್ಷ ಜನ ಸತ್ತರು ಅಂತ ಅಂದಾಜು. ಅಂಟುರೋಗ ಅಂತ ಜನ ಹೆದರಿದರು. ರೋಗಿಗಳನ್ನು ಕಂಡರೆ ದೂರ ಓಡಿದರು.

1914ರಲ್ಲಿ ಸರ್ಕಾರ ಜೋಸೆಫ್ ಗೋಲ್ಡ್‌ಬರ್ಗರ್ ಅನ್ನುವ ಡಾಕ್ಟರನ್ನು ಕಳಿಸಿತು. ಅವರು ಅನಾಥಾಲಯ, ಹುಚ್ಚಾಸ್ಪತ್ರೆಗಳಿಗೆ ಹೋಗಿ ಸುಮ್ಮನೆ ನೋಡಿದರು. ಒಳಗಿರುವ ಮಕ್ಕಳಿಗೆ, ರೋಗಿಗಳಿಗೆ ಪೆಲಾಗ್ರ ಇದೆ. ಅವರನ್ನು ಮುಟ್ಟಿ ನೋಡಿಕೊಳ್ಳುವ ನರ್ಸುಗಳಿಗೆ ಇಲ್ಲ. ಅಂಟುರೋಗ ಆಗಿದ್ದರೆ ನರ್ಸುಗಳನ್ನು ಬಿಡುತ್ತಿತ್ತೇ? ಹಾಗಾದರೆ ವ್ಯತ್ಯಾಸ ಎಲ್ಲಿದೆ? ತಟ್ಟೆಯಲ್ಲಿತ್ತು. ಮಕ್ಕಳ ತಟ್ಟೆಯಲ್ಲಿ ಗೋವಿನಜೋಳದ ರೊಟ್ಟಿ, ಕಾಕಂಬಿಯಂಥ ಸಿಹಿಪಾಕ, ಬರೀ ಕೊಬ್ಬಿನ ಮಾಂಸ. ನರ್ಸುಗಳ ತಟ್ಟೆಯಲ್ಲಿ ಹಾಲು, ಮೊಟ್ಟೆ, ಒಳ್ಳೆಯ ಮಾಂಸ. ಗೋಲ್ಡ್‌ಬರ್ಗರ್ ಎರಡು ಅನಾಥಾಲಯಗಳ ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ, ಕಾಳು ಕೊಡಿಸಿದರು. ರೋಗ ಹೋಯಿತು.

ಗೋವಿನಜೋಳದಲ್ಲಿ ನಯಾಸಿನ್ ಅನ್ನುವ ಜೀವಸತ್ವ ಇದೆ. ಆದರೆ ಅದು ಬಿಗಿದು ಕಟ್ಟಿದಂತೆ ಇರುತ್ತದೆ, ನಮ್ಮ ಹೊಟ್ಟೆಗೆ ದಕ್ಕುವುದಿಲ್ಲ. ಆ ನೆಲದ ಮೂಲ ಜನ ಕಾಳನ್ನು ಕಟ್ಟಿಗೆ ಬೂದಿಯ ತಿಳಿಯಲ್ಲಿ ಬೇಯಿಸಿ, ತೊಳೆದು ತಿನ್ನುತ್ತಿದ್ದರು. ಮೆಕ್ಸಿಕೊದವರು ಸುಣ್ಣದ ನೀರಲ್ಲಿ ಬೇಯಿಸುತ್ತಾರೆ. ಹಾಗೆ ಮಾಡಿದರೆ ಆ ಕಟ್ಟು ಬಿಚ್ಚುತ್ತದೆ. ಬಿಳಿಯರು ಕಾಳನ್ನು ತೆಗೆದುಕೊಂಡರು, ಆದರೆ ದಿನದ ರೊಟ್ಟಿಯ ಹಿಟ್ಟಿಗೆ ಆ ಉಪಾಯ ಬಳಸಲಿಲ್ಲ. ಅದನ್ನು ಮಾಡುತ್ತಿದ್ದ ಹೆಂಗಸರನ್ನು ಕೇಳಿದ್ದರೆ ಹೇಳುತ್ತಿದ್ದರೋ ಏನೋ! 1900ರ ನಂತರ ದೊಡ್ಡ ಗಿರಣಿಗಳು ಕಾಳಿನ ಮೊಳಕೆಯ ಭಾಗವನ್ನೂ ತೆಗೆದುಹಾಕತೊಡಗಿದವು, ಹಿಟ್ಟು ಇನ್ನೂ ಸತ್ವ ಕಳೆದುಕೊಂಡಿತು. ನಯಾಸಿನ್ ಕೊರತೆಯೇ ಕಾರಣ ಅನ್ನುವುದಕ್ಕೆ ದಾರಿ ಸಿಕ್ಕಿದ್ದು 1937ರಲ್ಲಿ. 1940ರ ದಶಕದಲ್ಲಿ ಹಿಟ್ಟಿಗೇ ಆ ಜೀವಸತ್ವ ಬೆರೆಸಲು ಶುರು ಮಾಡಿದರು.

ಈ ರೋಗ ಗಂಡಸರಿಗಿಂತ ಹೆಂಗಸರಿಗೆ ಬಹಳ ಹೆಚ್ಚು ಬಂತು. ಯಾಕೆ ಅಂತ ನಿಮಗೆ ನಾವು ಹೇಳಬೇಕಾಗಿಲ್ಲ. ಮನೆಯಲ್ಲಿ ಇದ್ದಷ್ಟು ಹಾಲು ಮಕ್ಕಳಿಗೆ, ಮಾಂಸದ ತುಂಡು ದುಡಿಯುವ ಗಂಡನಿಗೆ. ತಾಯಿಗೆ ಉಳಿದದ್ದು ರೊಟ್ಟಿ ಮತ್ತು ಪಾಕ. ಆ ತಾಯಿ ಬಿಳಿ ಇರಲಿ ಕಪ್ಪು ಇರಲಿ, ಉಣ್ಣುವುದು ಎಲ್ಲರಾದ ಮೇಲೆ.

ನಮ್ಮ ಕಡೆಯೂ ಪೆಲಾಗ್ರ ಇತ್ತು. 1960ರಲ್ಲಿ ಹೈದರಾಬಾದಿನ ಆಹಾರ ವಿಜ್ಞಾನಿಗಳಾದ ಗೋಪಾಲನ್ ಮತ್ತು ಶ್ರೀಕಂಠಯ್ಯ ದಖ್ಖನ್ ಸೀಮೆಯಲ್ಲಿ ಬಿಳಿಜೋಳವನ್ನೇ ನಂಬಿದ ಬಡವರಲ್ಲಿ ಈ ರೋಗ ಕಂಡು ಬರೆದರು. ಅದಕ್ಕೆ ಜೋಳ ಬಿಡಬೇಕು ಅಂತ ಅಲ್ಲ. ಬರೀ ರೊಟ್ಟಿ, ಬರೀ ಉಪ್ಪು-ಖಾರ ಆದರೆ ಕಷ್ಟ. ನಿಮ್ಮ ಶೇಂಗಾ ಹಿಂಡಿ ಇದೆಯಲ್ಲ, ಶೇಂಗಾದಲ್ಲಿ ನಯಾಸಿನ್ ತುಂಬ ಇದೆ. ಬೇಳೆ, ಕಾಳು, ಹಾಲು, ಮೊಟ್ಟೆ, ಮೀನು ಯಾವುದು ಕೈಗೆ ಎಟುಕುತ್ತದೋ ಅದು. ಬೂದಿ, ಸುಣ್ಣದ ಕೆಲಸವನ್ನು ಮಾತ್ರ ಮನೆಯಲ್ಲಿ ಅಂದಾಜಿನ ಮೇಲೆ ಮಾಡಬೇಡಿ, ಬಾಯಿ, ಕರುಳು ಸುಡುತ್ತದೆ. ಮತ್ತೆ, ಹಿಂಡಿಯ ಡಬ್ಬಿ ತಳ ಕಾಣುವಾಗ ನಿಮ್ಮ ತಟ್ಟೆಗೂ ಒಂದು ಚಮಚ ಹಾಕಿಕೊಳ್ಳಿ. "ನನಗ ಬ್ಯಾಡ, ಹುಡುಗರಿಗೆ ಇರಲಿ" ಅನ್ನಬೇಡಿ. ಹುಡುಗರ ಪಾಲೂ ಇರಲಿ, ನಿಮ್ಮ ಪಾಲೂ ಇರಲಿ.

ಕಾರ್ನ್‌ಬ್ರೆಡ್‌ಗೆ ಜೊತೆ ಏನು ಅಂದರೆ, ಅಲಸಂದೆ ಕಾಳು ಮತ್ತು ಸೊಪ್ಪು. ಅಲಸಂದೆಯ ತವರು ಆಫ್ರಿಕ. ಗುಲಾಮಗಿರಿಯ ಹಡಗುಗಳ ಕಾಲದಲ್ಲಿ ಅದು ಅಮೆರಿಕಕ್ಕೆ ಹೋಯಿತು, ನಮ್ಮ ದೇಶಕ್ಕೆ ಇನ್ನೂ ಎಷ್ಟೋ ಮೊದಲೇ ಬಂದಿತ್ತು. ಸೊಪ್ಪು ಬೇಯಿಸಿದ ನೀರನ್ನು ಅವರು ಚೆಲ್ಲುವುದಿಲ್ಲ. 'ಪಾಟ್ ಲಿಕರ್' ಅಂತ ಅದಕ್ಕೊಂದು ಹೆಸರೇ ಇದೆ, ನಮ್ಮ ಬಸ್ಸಾರಿನ ಕಟ್ಟಿನ ಹಾಗೆ. ರೊಟ್ಟಿಯನ್ನು ಆ ಕಟ್ಟಿನಲ್ಲಿ ಅದ್ದಿ ತಿನ್ನಬೇಕೋ, ಮುರಿದು ಕಲಸಿ ತಿನ್ನಬೇಕೋ ಅಂತ 1931ರಲ್ಲಿ ಲೂಸಿಯಾನ ರಾಜ್ಯದ ಗವರ್ನರ್ ಹ್ಯೂಯಿ ಲಾಂಗ್‌ಗೂ ಅಟ್ಲಾಂಟಾದ ಒಂದು ಪತ್ರಿಕೆಗೂ ವಾರಗಟ್ಟಲೆ ವಾದ ನಡೆಯಿತು. ಗವರ್ನರು ಅದ್ದುವ ಪಕ್ಷ. ದೊಡ್ಡವರ ಜಗಳ ಹೀಗೂ ಇರುತ್ತದೆ.

ಈ ರೊಟ್ಟಿ ಬಿಸಿ ಇರುವಾಗಲೇ ಚೆಂದ, ಆರಿದರೆ ಪುಡಿಯಾಗುತ್ತದೆ. ಉಳಿದದ್ದನ್ನು ಅವರು ಬಿಸಾಡುವುದಿಲ್ಲ. ರಾತ್ರಿ ಒಂದು ಲೋಟಕ್ಕೆ ಮುರಿದು ಹಾಕಿ, ಮೇಲೆ ತಣ್ಣನೆಯ ಮಜ್ಜಿಗೆ ಹೊಯ್ದು, ಚಮಚದಲ್ಲಿ ತಿನ್ನುತ್ತಾರೆ. ನಾವು ಅದಕ್ಕೆ ಒಂದು ಹಸಿಮೆಣಸಿನಕಾಯಿ, ಸ್ವಲ್ಪ ಉಳ್ಳಾಗಡ್ಡಿ ಹೆಚ್ಚಿ ಹಾಕಿ ನೋಡಿದೆವು. ಹೊಂದುತ್ತದೆ.